ಸೋಡಾದ ಸರಹದ್ದು

ಡಾಕ್ಟರು ನನಗೆ ಸೋಡಾ ಕುಡಿಯಬೇಡಿ ಎಂದಿದ್ದಾರೆ. ಸೋಡಾ ಬಾಟಲಿಯನ್ನು ನೋಡಬೇಡಿ ಎಂದೇನೂ ಅಂದಿಲ್ಲವಲ್ಲ. ಹಾಗಾಗಿ ಮೊನ್ನೆ ಸೀರೆ ಕೊಳ್ಳಲೆಂದು ಮೊಮ್ಮಗಳ ಜೊತೆ ಬಾಗಲಕೋಟೆಯಿಂದ ಇಳಕಲ್‌ಗೆ ಹೊರಟಾಗ, ದಾರಿಯಲ್ಲಿ ಸಿಕ್ಕ ಊರೂರಿಗೂ ಕಾರು ನಿಲ್ಲಿಸಿ, ಗಾಜು ಇಳಿಸಿ, "ಸೋಡಾ ಐತೇನಪಾ?" ಎಂದು ಕೇಳಿದೆ. ಐತ್ರಿ ಎಂದವರಿಂದ ಬಾಟಲಿ ಇಸಿದುಕೊಂಡು, ಕನ್ನಡಕ ಸರಿ ಮಾಡಿಕೊಂಡು, ಅದು ಯಾವ ಊರಲ್ಲಿ ತಯಾರಾದದ್ದೆಂದು ಓದಿ, ಕುಡಿಯದೆ ವಾಪಸ್ ಕೊಟ್ಟೆ. ಶಿರೂರಿನಲ್ಲಿ ಒಬ್ಬ ಸಿಟ್ಟಾದ. ಕಮತಗಿಯಲ್ಲಿ ಇನ್ನೊಬ್ಬ ನಾನು ಫುಡ್ ಇನ್‌ಸ್ಪೆಕ್ಟರ್ ಇರಬೇಕೆಂದು ತಿಳಿದು ಓಡಿಹೋಗಿ ಕುರ್ಚಿ ತಂದು ಹಾಕಿದ.

"ಅಜ್ಜಿ, ಕುಡಿಯಂಗಿಲ್ಲ ಅಂದಮ್ಯಾಲ ಯಾಕ ಕೇಳ್ತಿ? ನಾ ಇನ್ನ ಗಾಡಿ ನಿಲ್ಲಸಂಗಿಲ್ಲ ನೋಡು," ಎಂದಳು ಮೊಮ್ಮಗಳು.

"ಇದು ರಿಸರ್ಚ್, ಬೇಬಿ."

"ಯಾವ ಯೂನಿವರ್ಸಿಟೀದು?"

"ನಮ್ಮ ಪಡಸಾಲಿ ಯೂನಿವರ್ಸಿಟೀದು."

ಅವಳಿಗೆ ಅರ್ಥವಾಗಲಿಲ್ಲ. ನಿಮಗಾದರೂ ಹೇಳಿಬಿಡುತ್ತೇನೆ. ನಾನು ಸೋಡಾ ಫ್ಯಾಕ್ಟರಿಯ ಸೊಸೆ. ಫ್ಯಾಕ್ಟರಿ ಎಂದೊಡನೆ ಚಿಮಣಿ, ಸೈರನ್ನು ಎಂದೆಲ್ಲ ಊಹಿಸಿಕೊಳ್ಳಬೇಡಿ. ಹಳೆ ಬಾಗಲಕೋಟೆಯ ಓಣಿಯೊಂದರಲ್ಲಿ ನಮ್ಮ ಮನೆ. ಆ ಮನೆಯ ಪಡಸಾಲೆಯಲ್ಲಿ ಒಂದು ಗ್ಯಾಸ್ ಸಿಲಿಂಡರು, ಬಾಟಲಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಗರಗರ ತಿರುಗುವ ಒಂದು ಮಶೀನು, ಒಂದು ನೀರಿನ ತೊಟ್ಟಿ, ಗೋಡೆಗುಂಟ ಮರದ ಪೆಟ್ಟಿಗೆಗಳು. ಮಶೀನು ನಿಂತಾಗ ಗೋಲಿಗಳೆಲ್ಲ ಬಾಟಲಿಯ ಕುತ್ತಿಗೆಗೆ ಏರಿ ಟಕ್ ಟಕ್ ಎಂದು ಕೂರುತ್ತಿದ್ದವು. ಅಷ್ಟೇ ಫ್ಯಾಕ್ಟರಿ. ಊಟದ ಹೊತ್ತಿಗೆ ಅದೇ ಪಡಸಾಲೆಯಲ್ಲಿ ತಾಟು ಹಾಕುತ್ತಿದ್ದೆವು.

ನನ್ನ ಓದು ಆದದ್ದು ಹುಬ್ಬಳ್ಳಿಯ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಕಲಿಸಿದ ವಿದ್ಯೆಗಳಲ್ಲಿ ಮುಖ್ಯವಾದದ್ದು ತೇಗದಿರುವುದು. "ಎ ಲೇಡಿ ನೆವರ್ ಬರ್ಪ್ಸ್, ಗರ್ಲ್ಸ್," ಎಂದು ಸಿಸ್ಟರ್ ಬರ್ನಡೆಟ್ ಬೆರಳೆತ್ತಿ ಹೇಳುತ್ತಿದ್ದರು. ಸೂಪನ್ನು ಸದ್ದಿಲ್ಲದೆ ಕುಡಿಯುವುದು, ಫೋರ್ಕಿನಲ್ಲಿ ಬಟಾಣಿ ಕಾಳು ಹಿಡಿಯುವುದು, ಪಿಯಾನೋದ ಮೇಲೆ ಒಂದೇ ಒಂದು ಟ್ಯೂನು ತಪ್ಪುತಪ್ಪಾಗಿ ಬಾರಿಸುವುದು, ಇವೆಲ್ಲ ನನಗೆ ಬರುತ್ತಿದ್ದವು. ಇಂಥ ಫಿನಿಶಿಂಗ್ ಪಡೆದವಳನ್ನು ನಮ್ಮಪ್ಪ ಸೋಡಾ ಮಾಡುವವರ ಮನೆಗೆ ಕೊಟ್ಟ. ನನ್ನ ಗೆಳತಿಯರಲ್ಲಿ ಒಬ್ಬಳು ಕ್ಯಾಪ್ಟನ್ನನ್ನು, ಇನ್ನೊಬ್ಬಳು ಡಾಕ್ಟರನ್ನು ಮದುವೆಯಾಗಿದ್ದಳು. ನಾನು ಅವರಿಗೆ, "ಮೈ ಹಸ್ಬೆಂಡ್ ಈಸ್ ಇನ್ ಬೆವರೇಜಸ್" ಎಂದು ಬರೆದೆ. ಸುಳ್ಳೇನಲ್ಲವಲ್ಲ.

ಮನೆ ತುಂಬಿಸಿಕೊಂಡ ದಿನ ಅತ್ತೆಯವರು ಒಂದು ಸೋಡಾ ಒಡೆದು ನನ್ನ ಕೈಗೆ ಕೊಟ್ಟರು. ಕುಡಿದೆ. ಸುತ್ತ ನೆರೆದ ಹೆಂಗಸರೆಲ್ಲ ನನ್ನ ಬಾಯಿಯನ್ನೇ ನೋಡುತ್ತ ಕೂತರು. ಯಾಕೆಂದು ತಿಳಿಯಲಿಲ್ಲ. ಹೊಸ ಸೊಸೆ ತೇಗಿದರೆ ಮನೆಯ ಸೋಡಾ ಒಪ್ಪಿತೆಂದು ಲೆಕ್ಕವಂತೆ. ನಾನು ಸಿಸ್ಟರನ್ನು ನೆನೆದು ತಡೆದೆ. ಕಣ್ಣಲ್ಲಿ ನೀರು ಬಂತು, ಕಿವಿಯಲ್ಲಿ ಗುಂಯ್ ಎಂದಿತು. "ಹುಡುಗೀಗೆ ತವರು ನೆನಪಾಗೇತಿ," ಎಂದು ಯಾರೋ ಕನಿಕರಿಸಿದರು. ಅಷ್ಟರಲ್ಲಿ ಅದು ತಾನಾಗಿಯೇ ಬಂತು. ಆ ಸದ್ದಿನ ವರ್ಣನೆ ಬೇಡ. ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ಎದ್ದು ನಿಂತಿತು ಎಂದರೆ ಸಾಕು. ಅತ್ತೆಯವರು ನನ್ನ ನೆಟಿಗೆ ಮುರಿದು, "ಆತು, ನಮ್ಮಾಕಿ ಆದಳು," ಎಂದರು.

ನಮ್ಮವರು ಬಿ.ಕಾಂ. ಪರೀಕ್ಷೆಗೆ ಕೂತು ಕೂತು ಬಿಟ್ಟವರು. ಪಾಸಾಗದಿದ್ದರೂ ತಮ್ಮನ್ನು ತಾವು ಎಕನಾಮಿಸ್ಟ್ ಎಂದೇ ತಿಳಿದಿದ್ದರು. ಅವರ ಥಿಯರಿ ಒಂದೇ, ಅದನ್ನು ರೊಟ್ಟಿ ಮುರಿಯುತ್ತ ದಿನಕ್ಕೊಮ್ಮೆ ಹೇಳುತ್ತಿದ್ದರು.

"ಸೋಡಾದಾಗ ಏನೈತಿ? ನೀರು. ನೀರು ಎಲ್ಲಾ ಊರಾಗೂ ಐತಿ. ನೀರು ಹೊತಗೊಂಡು ನೀರಿದ್ದ ಊರಿಗೆ ಹೋಗೋ ಧಂದೇ ನಮ್ಮದು. ದೂರ ಹೋದಷ್ಟೂ ಹುಚ್ಚತನ ಜಾಸ್ತಿ. ಅದೇ ಆ ಇಳಕಲ್ ಸೀರಿ ವ್ಯಾಪಾರಿನ್ನ ನೋಡು. ಬಗಲಾಗ ಒಂದು ಗಂಟು ಹಿಡಕೊಂಡು ರೈಲು ಹತ್ತಿದರ ಸೊಲ್ಲಾಪುರ, ಪುಣೆ ಮುಗಿಸಿಕೊಂಡು ಬರತಾನ. ನನ್ನ ಒಂದು ಗಾಡಿ ಸೋಡಾದ ಕಿಮ್ಮತ್ತು ಅವನ ಒಂದು ಸೆರಗಿನಾಗ ಕುಂತಿರತೈತಿ."

ನಮ್ಮ ಸೋಡಾ ಹೋಗುತ್ತಿದ್ದದ್ದು ಬಸ್ಸಿನ ಟಾಪಿನ ಮೇಲೆ. ಪೆಟ್ಟಿಗೆಗೆ ಲಗೇಜು, ಕಂಡಕ್ಟರನಿಗೆ ಚಹಾ, ಹತ್ತಿಸಿ ಇಳಿಸುವವನಿಗೆ ಮತ್ತೊಂದಿಷ್ಟು. ಊರು ದೂರವಾದಂತೆಲ್ಲ ಈ ಖರ್ಚು ಸೋಡಾದ ತಲೆಯ ಮೇಲೆ ಏರಿ ಕೂರುತ್ತಿತ್ತು. ನಮ್ಮ ಓಣಿಯಲ್ಲಿ ಅಗ್ಗ, ಶಿರೂರಿನಲ್ಲಿ ತುಸು ತುಟ್ಟಿ, ಕಮತಗಿಯಲ್ಲಿ ಮತ್ತೂ ತುಟ್ಟಿ. "ನೀ ಕಾನ್ವೆಂಟಿನಾಗ ಭೂಗೋಳ ಕಲತಾಕಿ, ನಮ್ಮ ರಾಜ್ಯದ ನಕಾಶಿ ಬರದು ತೋರಸು," ಎಂದು ಒಂದು ಸಂಜೆ ನಮ್ಮವರು ಸವಾಲು ಹಾಕಿದರು. ನಾನು ಅಡುಗೆಮನೆಯ ನೆಲದ ಮೇಲೆ ರಂಗೋಲಿಯಲ್ಲಿ ಚೆಂದದ ಒಂದು ಸರ್ಕಲ್ ಬರೆದು ನಡುವೆ ಬಾಗಲಕೋಟೆ ಎಂದು ಚುಕ್ಕಿ ಇಟ್ಟೆ. ಅವರು ಅದನ್ನು ಬೆರಳಿನಿಂದ ತಿದ್ದತೊಡಗಿದರು. ಬಸ್ಸು ಹೋಗುವ ಕಡೆ ಎಳೆದರು, ಹೋಗದ ಕಡೆ ಒಳಗೆ ದೂಡಿದರು. ಕೆರೂರಿನ ಸಂತೆಯ ಕಡೆಗೊಂದು ಕಾಲು, ಬಾದಾಮಿ ರೈಲಿನ ಕಡೆಗೊಂದು ಕಾಲು, ಹುನಗುಂದದ ದಾರಿಯಲ್ಲಿ ಉದ್ದನೆಯ ಒಂದು ಬಾಲ. ಇಬ್ಬರೂ ಮೈಮರೆತು ಬಗ್ಗಿಕೊಂಡಿದ್ದಾಗ ಅತ್ತೆಯವರು ಬಂದು, "ಅಡಗಿಮನ್ಯಾಗ ಹಲ್ಲಿ ಯಾಕ ಬರದೀರಿ? ಅಳಸ್ರಿ ಮೊದಲ," ಎಂದರು.

ಬಾದಾಮಿ ಎಂದೊಡನೆ ನೆನಪಾಯಿತು. ಅಲ್ಲಿಗೆ ರೈಲಿನಲ್ಲಿ ಸೋಡಾ ಕಳಿಸುವುದು ಭಾಳ ಅಗ್ಗ. ಆದರೆ ಸ್ಟೇಷನ್ನು ಒಂದು ಕಡೆ, ಊರು ಒಂದು ಕಡೆ. ರೈಲಿನಲ್ಲಿ ಉಳಿಸಿದ್ದನ್ನೆಲ್ಲ ಸ್ಟೇಷನ್ನಿನಿಂದ ಊರಿಗೆ ಒಯ್ಯುವ ಟಾಂಗಾದವನು ನುಂಗಿಬಿಡುತ್ತಿದ್ದ. ಒಮ್ಮೆ ನಾವಿಬ್ಬರೂ ಅಲ್ಲಿನ ವ್ಯಾಪಾರ ನೋಡಲು ಹೋಗಿದ್ದೆವು. ಗುಹೆಯ ಮೆಟ್ಟಿಲ ಬಳಿ ಒಂದು ಮಂಗ ಟೂರಿಸ್ಟ್ ಒಬ್ಬರ ಕೈಯಿಂದ ನಮ್ಮ ಸೋಡಾ ಕಿತ್ತುಕೊಂಡು ಬಂಡೆ ಏರಿತು. ತಿರುವಿ ಮುರುವಿ ನೋಡಿ, ಬೆರಳು ಹಾಕಿ ಗೋಲಿ ಒತ್ತಿತು. ಠುಸ್ ಎಂದು ಮುಖಕ್ಕೆ ಚಿಮ್ಮಿದ್ದೇ ತಡ, ಬಾಟಲಿ ಬಿಸಾಡಿ ಪರಿವಾರಸಮೇತ ಓಡಿಹೋಯಿತು. ನಮ್ಮವರು ಹೆಮ್ಮೆಯಿಂದ ಆ ಟೂರಿಸ್ಟಿಗೆ, "ನೋಡ್ರಿ, ನಮ್ಮ ಗ್ಯಾಸ್ ಹೆಂಗೈತಿ," ಎಂದರು. ನಾನು ಅದನ್ನು ಇಂಗ್ಲಿಷಿಗೆ ತರ್ಜುಮೆ ಮಾಡಲಿಲ್ಲ.

ಇರಲಿ, ನಾನು ಹೇಳಹೊರಟದ್ದು ಆ ಬಾಲದ ತುದಿಯ ಕಥೆ. ಬಾಗಲಕೋಟೆಯಿಂದ ನಾವು ಸೋಡಾ ಕಳಿಸುವಂತೆ ಆ ಕಡೆ ಇಳಕಲ್‌ನಿಂದ ಹುಸೇನಸಾಬ ಎಂಬುವರು ಕಳಿಸುತ್ತಿದ್ದರು. ಅವರದ್ದೂ ಬಸ್ಸಿನ ಟಾಪೇ. ಅವರ ಸೋಡಾ ಇಳಕಲ್‌ನಲ್ಲಿ ಅಗ್ಗ, ಹುನಗುಂದದಲ್ಲಿ ತುಸು ತುಟ್ಟಿ. ಅತ್ತಲಿಂದ ಏರುತ್ತ ಬಂದ ಅವರ ದರ, ಇತ್ತಲಿಂದ ಏರುತ್ತ ಹೋದ ನಮ್ಮ ದರ, ಎರಡೂ ಸರಿಸಮ ಆಗುತ್ತಿದ್ದದ್ದು ಅಮೀನಗಡದಲ್ಲಿ. ಅಲ್ಲಿಂದಾಚೆ ನಮ್ಮ ಸೋಡಾ ಕೇಳುವವರಿಲ್ಲ, ಈಚೆಗೆ ಅವರದ್ದು ಕೇಳುವವರಿಲ್ಲ. ಸರಿಯಾಗಿ ಆ ಗಡಿಯ ಮೇಲೆ, ಬಸ್ ಸ್ಟ್ಯಾಂಡಿಗೆ ಅಂಟಿಕೊಂಡು, ಗಂಗವ್ವನ ಚಹಾದಂಗಡಿ.

ಗಂಗವ್ವನ ಅಂಗಡಿಯಲ್ಲಿ ಎರಡೂ ಸೋಡಾ ಸಿಗುತ್ತಿತ್ತು. ಆದ್ದರಿಂದ ಇಬ್ಬರು ಸಾವಕಾರರೂ ಅವಳನ್ನು ಓಲೈಸಬೇಕಿತ್ತು. ನಾವೊಂದು ನೀಲಿ ಬೆಂಚು ಮಾಡಿಸಿಕೊಟ್ಟರೆ ಅವರೊಂದು ಹಸಿರು ಬೆಂಚು. ಪಂಚಮಿ ಹಬ್ಬಕ್ಕೆ ಹುಸೇನಸಾಬರು ಒಂದು ಇಳಕಲ್ ಸೀರೆ ಕೊಡುತ್ತಿದ್ದರು. ನಮ್ಮವರಿಗೆ ಬೇರೇನೂ ಹೊಳೆಯದೆ ಅವರೂ ಇಳಕಲ್‌ನಿಂದಲೇ ಸೀರೆ ತರಿಸಿ ಕೊಡುತ್ತಿದ್ದರು. ಸೀರೆಯ ಜೊತೆಗೆ ನಮಗೆ ಬಸ್ ಚಾರ್ಜು ದಂಡ. ಗಂಗವ್ವ ಎರಡನ್ನೂ ಉಟ್ಟುಕೊಳ್ಳುತ್ತಿದ್ದಳು, ವಾರ ಬಿಟ್ಟು ವಾರ, ಯಾರಿಗೂ ಬೇಜಾರಾಗದಂತೆ. ಊರವರೆಲ್ಲ ಅವಳ ಅಂಗಡಿಯಲ್ಲೇ ಕೂರುತ್ತಿದ್ದರು. ಬಾಗಲಕೋಟೆ ಬೇಕೋ ಇಳಕಲ್ ಬೇಕೋ ಎಂದು ಆರಿಸುವ ಭಾಗ್ಯ ಬೇರೆಲ್ಲೂ ಇರಲಿಲ್ಲ.

ಸೋಡಾ ಬಾಟಲಿಗೆ ಊರು ಗೊತ್ತಿರುತ್ತದೆ, ಹೋಗುವ ದಾರಿ ಗೊತ್ತಿರುವುದಿಲ್ಲ. ನಮ್ಮ ಬಾಟಲಿಯ ಗಾಜಿನಲ್ಲಿ ಬಾಗಲಕೋಟ ಎಂದೂ ಅವರದ್ದರಲ್ಲಿ ಇಳಕಲ್ ಎಂದೂ ಉಬ್ಬಿದ ಅಕ್ಷರಗಳಿದ್ದವು. ಆದರೂ ನಮ್ಮವು ಅವರ ಪೆಟ್ಟಿಗೆಗೆ, ಅವರವು ನಮ್ಮ ಪೆಟ್ಟಿಗೆಗೆ ಸೇರಿಹೋಗುತ್ತಿದ್ದವು. ಅದಕ್ಕಾಗಿ ಅಮಾವಾಸ್ಯೆಗೊಮ್ಮೆ, ಮಶೀನು ಬಂದ್ ಇರುವ ದಿನ, ಇಬ್ಬರೂ ಗಂಗವ್ವನ ಅಂಗಡಿಗೆ ಬಂದು ದಾರಿ ತಪ್ಪಿದ ಬಾಟಲಿಗಳನ್ನು ಬದಲಾಯಿಸಿಕೊಳ್ಳುತ್ತಿದ್ದರು. ಯುದ್ಧ ಮುಗಿದ ಮೇಲೆ ಪ್ರಿಸನರ್ಸ್ ಆಫ್ ವಾರ್ ಬಿಡುತ್ತಾರಲ್ಲ, ಹಾಗೆ. ಅದಾದ ಮೇಲೆ ಒಂದು ಶಾಸ್ತ್ರವಿತ್ತು. ಒಬ್ಬರ ಸೋಡಾವನ್ನು ಇನ್ನೊಬ್ಬರು ಕುಡಿದು ಒಂದು ತಪ್ಪು ಹೇಳಲೇಬೇಕು. ತಪ್ಪೇ ಇಲ್ಲ ಎಂದರೆ ಅಪಮಾನ, ಮನಸ್ಸಿಟ್ಟು ಕುಡಿದಿಲ್ಲ ಎಂದು ಅರ್ಥ.

ಹುಸೇನಸಾಬರು ಎತ್ತರದ ಮನುಷ್ಯ, ಮೆಹಂದಿ ಹಚ್ಚಿದ ಗಡ್ಡ. ನಮ್ಮ ಸೋಡಾ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ಕೂರುತ್ತಿದ್ದರು.

"ಗ್ಯಾಸ್ ಛಲೋ ಐತಿ ಸಾವಕಾರ. ಖರೆ, ಎದಿಮಟ ಬಂದು ನಿಂತಬಿಡತೈತಿ. ಮೂಗಿಗೆ ಏರಂಗಿಲ್ಲ."

"ನಿಮ್ಮ ನಿಂಬು ಸೋಡಾಕ್ಕ ನಿಂಬಿಹಣ್ಣಿನ ಹೆಸರಷ್ಟ ಹೇಳಿ ಮುಚ್ಚೀರೇನ್ರಿ ಸಾಬರ?" ಎಂದು ನಮ್ಮವರು.

"ಅಕ್ಕಾರ ಇಂಗ್ಲಿಷ್ ಸಾಲಿ ಕಲತಾರ, ಅವರ ನ್ಯಾಯಾ ಹೇಳಲಿ," ಎಂದು ಗಂಗವ್ವ ನನ್ನನ್ನು ನಡುವೆ ಎಳೆಯುತ್ತಿದ್ದಳು. ನಾನು ಕಪ್ಪು ಕನ್ನಡಕ ಹಾಕಿಕೊಂಡು, ಇಬ್ಬರದ್ದೂ ಒಂದೊಂದು ಗುಟುಕು ಕುಡಿದು, "ಬೋತ್ ಆರ್ ಲವ್ಲಿ," ಎಂದು ಹೇಳಿ ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದೆ. ಮನೆಗೆ ಬರುವ ದಾರಿಯುದ್ದಕ್ಕೂ ನಮ್ಮವರು, "ಮೂಗಿಗೆ ಏರಂಗಿಲ್ಲಂತ," ಎಂದು ಗೊಣಗುತ್ತಿದ್ದರು. ಮರುದಿನ ಬೆಳಿಗ್ಗೆ ಗ್ಯಾಸಿನ ತಿರುಪು ತಿರುಗಿಸಿ, ಮೂಗಿಗೆ ಏರುವವರೆಗೆ ಮನೆಮಂದಿಗೆಲ್ಲ ಕುಡಿಸುತ್ತಿದ್ದರು. ಆ ದಿನ ನಮ್ಮ ಮನೆಯಲ್ಲಿ ಮಾತಿಗಿಂತ ತೇಗು ಜಾಸ್ತಿ.

ಹೀಗೆ ಎಲ್ಲ ಸುಖವಾಗಿದ್ದಾಗ ನಮ್ಮವರು ಒಂದು ಸೆಕೆಂಡ್‌ಹ್ಯಾಂಡ್ ಟೆಂಪೊ ಕೊಂಡರು.

ಅದು ಎಂಥ ಖುಷಿಯ ಬೇಸಿಗೆ ಎನ್ನುತ್ತೀರಿ. ಲಗೇಜಿಲ್ಲ, ಕಂಡಕ್ಟರನ ಚಹಾ ಇಲ್ಲ, ಪೆಟ್ಟಿಗೆ ಒಡೆಯುವ ಭಯವಿಲ್ಲ. ಸೋಡಾದ ತಲೆಯ ಮೇಲಿನ ಭಾರ ಇಳಿದು ಅಮೀನಗಡದಲ್ಲಿ ನಮ್ಮದು ಹುಸೇನಸಾಬರದ್ದಕ್ಕಿಂತ ಅಗ್ಗವಾಗಿಬಿಟ್ಟಿತು. ಒಂದು ದಿನ ನಮ್ಮವರು ಗಂಗವ್ವನ ಅಂಗಡಿ ದಾಟಿ ಟೆಂಪೊ ಮುಂದಕ್ಕೆ ಓಡಿಸಿಯೇಬಿಟ್ಟರು. ಪಕ್ಕದಲ್ಲಿ ನಾನು, ತಲೆಗೆ ಸ್ಕಾರ್ಫು, ಕಣ್ಣಿಗೆ ಕಪ್ಪು ಕನ್ನಡಕ. "ವೀ ಆರ್ ಎಂಟರಿಂಗ್ ಫಾರಿನ್ ಟೆರಿಟರಿ," ಎಂದು ನಾನು ಕೂಗಿದರೆ ಅವರು ಹಾರ್ನ್ ಒತ್ತಿದರು. ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಪೆಟ್ಟಿಗೆ ಇಳಿಸಿದಾಗ ಇಬ್ಬರಿಗೂ ತಲೆ ತಿರುಗುವಷ್ಟು ಸಂತೋಷ. ಸಾಮ್ರಾಜ್ಯ ಕಟ್ಟಿದವರಿಗೆ ಹೀಗೇ ಆಗುತ್ತಿರಬೇಕು ಅಂದುಕೊಂಡೆ. ಅವರೆಲ್ಲ ಸಂಜೆ ಮನೆಗೆ ಬಂದು ಬದನೆಕಾಯಿ ಎಣ್ಣೆಗಾಯಿ ಮಾಡಬೇಕಿರಲಿಲ್ಲ, ಅಷ್ಟೇ ವ್ಯತ್ಯಾಸ.

ಗಡಿ ಮುಂದೆ ಹೋಯಿತು. ಗಂಗವ್ವ ಹಿಂದೆ ಉಳಿದಳು. ಹುಸೇನಸಾಬರ ಸೋಡಾ ಅಮೀನಗಡಕ್ಕೆ ಬರುವುದು ನಿಂತಿತು, ಅಮಾವಾಸ್ಯೆಯ ಶಾಸ್ತ್ರವೂ ನಿಂತಿತು. ನಮ್ಮ ಟೆಂಪೊ ಅವಳ ಅಂಗಡಿಯ ಮುಂದೆ ನಿಲ್ಲುತ್ತಿದ್ದದ್ದು ಇಂಜಿನ್ ಆರಿಸದೆ. ಎರಡು ಪೆಟ್ಟಿಗೆ ಇಳಿಸಿ ಹೊರಡುವುದು. ಪಂಚಮಿಗೆ ಇಳಕಲ್ ಕಡೆಯ ಸೀರೆ ಬರಲಿಲ್ಲ.

"ನಾವ್ಯಾಕ ಕೊಡಬೇಕು ಇನ್ನ? ಬ್ಯಾರೆ ಸೋಡಾ ಎಲ್ಲಿಂದ ತರತಾಳ ಆಕಿ?" ಎಂದು ನಮ್ಮವರೂ ಕೈಬಿಟ್ಟರು.

ಗಂಗವ್ವ ನನ್ನ ಹತ್ತಿರ ಜಗಳವನ್ನೇನೂ ಮಾಡಲಿಲ್ಲ. ಟೆಂಪೊದ ಕಿಟಕಿಗೆ ಕೈಯಿಟ್ಟು, "ಅಕ್ಕಾರ, ಮೊದಲ ನಾ ಎರಡು ರಾಜ್ಯದ ನಡುವಿನ ಬಾಗಲಾ ಇದ್ದೆ. ಈಗ ಬರೇ ಒಂದು ಚಾದಂಗಡಿ," ಎಂದಳು. ಕೂರಲು ಬರುತ್ತಿದ್ದ ಜನವೂ ಆಗಲೇ ಕಡಿಮೆಯಾಗಿದ್ದರು. ಆರಿಸುವುದಕ್ಕೆ ಏನೂ ಇಲ್ಲದ ಮೇಲೆ ಅವರು ಎಲ್ಲಿ ಬೇಕಾದರೂ ಕೂತಾರು.

ಆದರೆ ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ಬಾಗಲಕೋಟೆಯಿಂದ ಇಳಕಲ್ ಕಡೆಗೆ ಸಿಮೆಂಟ್ ಹೇರಿಕೊಂಡು ದಿನಾ ಲಾರಿಗಳು ಹೋಗುತ್ತಿದ್ದವು. ಸಿಮೆಂಟ್ ಇಳಿಸಿ ಬರುವಾಗ ಖಾಲಿ. ಆ ಡ್ರೈವರುಗಳೆಲ್ಲ ಚಹಾಕ್ಕೆ ನಿಲ್ಲುತ್ತಿದ್ದದ್ದು ಗಂಗವ್ವನ ಅಂಗಡಿಯಲ್ಲೇ. ಅವಳು ಒಂದು ದಿನ ಬಸ್ಸು ಹತ್ತಿ ಇಳಕಲ್‌ಗೆ ಹೋಗಿ ಹುಸೇನಸಾಬರ ಕಟ್ಟೆಯ ಮೇಲೆ ಕೂತು ಹೇಳಿದಳಂತೆ: "ಸಾಬರ, ಖಾಲಿ ಲಾರಿ ಬರತಾವ, ನಿಮ್ಮ ಸೋಡಾ ಹಾಕಿ ಕಳಸ್ರಿ. ಡ್ರೈವರಗ ನಾ ಚಾ ಕುಡಸ್ತೇನಿ. ಬಾಡಿಗಿ ಅಂದರ ಅಷ್ಟ."

ಒಂದು ಲೋಟ ಚಹಾಕ್ಕೆ ಒಂದು ಲಾರಿ. ನಮ್ಮ ಟೆಂಪೊ ಇದರ ಮುಂದೆ ಯಾವ ಲೆಕ್ಕ? ಇಳಕಲ್ ಸೋಡಾ ಅಮೀನಗಡಕ್ಕೆ ಬಂತು, ಕಮತಗಿಗೆ ಬಂತು. ನಾವು ಹುನಗುಂದದಲ್ಲಿ ಮೆರೆಯುತ್ತಿದ್ದೇವೆ, ಅವರು ನಮ್ಮ ಬೆನ್ನ ಹಿಂದೆ ಊರೂರು ಗೆಲ್ಲುತ್ತಿದ್ದಾರೆ, ಇಂಜಿನ್ ಆರಿಸದೆ ಓಡುವ ನಮಗೆ ಸುದ್ದಿಯೇ ಇಲ್ಲ. ಗೊತ್ತಾದದ್ದು ಶಿರೂರಿನಲ್ಲಿ, ನಮ್ಮ ಬೀಗರ ಮನೆಯ ತೊಟ್ಟಿಲ ಕಾರ್ಯಕ್ರಮದಲ್ಲಿ. ಅವರು ಉಪಚಾರ ಮಾಡಿ ನಮ್ಮವರ ಕೈಗೇ ಒಂದು ಸೋಡಾ ಕೊಟ್ಟರು. ಬಾಟಲಿ ಬೂದಿ ಬಣ್ಣಕ್ಕಿತ್ತು. ನಮ್ಮವರು ಟವೆಲಿನಿಂದ ಒರೆಸಿದರು. ಸಿಮೆಂಟ್ ಉದುರಿ ಇಳಕಲ್ ಎಂಬ ಅಕ್ಷರ ಕಾಣಿಸಿತು.

"ಇದೆಲ್ಲಿಂದ ಬಂತು?"

"ಲಾರಿಯಾಗ ಬರತಾವ್ರಿ. ನಿಮ್ಮದಕ್ಕಿಂತ ಅಗ್ಗ," ಎಂದರು ಬೀಗರು, ಸಂಕೋಚವೇ ಇಲ್ಲದೆ. "ಹೊಟ್ಟಿ ಗಟ್ಟಿ ಆಕ್ಕೈತಿ ಅಂತಾರ ಮಂದಿ, ಸಿಮೆಂಟ್ ಲಾರೀದಲ್ಲ."

ಮನೆಗೆ ಬರುವವರೆಗೆ ನಮ್ಮವರು ಟವೆಲು ಝಾಡಿಸುತ್ತಲೇ ಇದ್ದರು. ನಾನು ನಗು ತಡೆದು ತಡೆದು ಪಕ್ಕೆ ನೋಯಿಸಿಕೊಂಡೆ. ತೇಗು ತಡೆದ ಅಭ್ಯಾಸವಿಲ್ಲದಿದ್ದರೆ ಅದೂ ಆಗುತ್ತಿರಲಿಲ್ಲ.

ಆಮೇಲೆ ಮದುವೆಗಳ ಕಾಲ, ಲಗ್ನಸರಾಯಿ ಬಂತು. ಸೋಡಾದವರಿಗೆ ಅದೇ ಸುಗ್ಗಿ. ಈ ಬಾರಿ ಶಿರೂರು ಕೈಬಿಟ್ಟು ಹೋಯಿತೆಂದು ನಮ್ಮವರು ತಲೆಗೆ ಕೈಹೊತ್ತು ಕೂತಿದ್ದಾಗ ಒಂದು ವಿಚಿತ್ರ ನಡೆಯಿತು. ಇಳಕಲ್ ಸೋಡಾ ಶಿರೂರಿನಲ್ಲಿ ಕಾಣದಾಯಿತು. ಕಮತಗಿಯಲ್ಲಿ ಇಲ್ಲ. ಅಮೀನಗಡದಲ್ಲಿ ಇಲ್ಲ. ಹುನಗುಂದದಲ್ಲಂತೂ ಅಂಗಡಿಯವರು ನಮ್ಮ ಟೆಂಪೊದ ಹಾದಿ ಕಾಯತೊಡಗಿದರು. ಇಳಕಲ್‌ನಲ್ಲಿಯೇ ಇಳಕಲ್ ಸೋಡಾ ಸಿಗುತ್ತಿಲ್ಲ ಎಂದು ಸೀರೆಯವನೊಬ್ಬ ಹೇಳಿದ. ನಮ್ಮವರು ಸಂತೋಷಕ್ಕೆ ಓಣಿಗೆಲ್ಲ ಪೇಢಾ ಹಂಚಿಸಿದರು. ಯಾಕೆ ಹೀಗಾಯಿತೆಂದು ಅವರಿಗೂ ತಿಳಿದಿರಲಿಲ್ಲ, ಪೇಢಾ ತಿಂದವರಿಗೂ ತಿಳಿದಿರಲಿಲ್ಲ.

ತಿಳಿಸಿದವಳು ಗಂಗವ್ವ. ಒಂದು ಗುರುವಾರ ಮಧ್ಯಾಹ್ನ ಬಿಸಿಲಲ್ಲಿ ಬಸ್ಸಿಳಿದು ನಮ್ಮ ಪಡಸಾಲೆಗೆ ಬಂದು ಕೂತಳು. ನೀರು ಕೊಟ್ಟೆ. ಕುಡಿದು ತಂಬಿಗೆ ಕೆಳಗಿಟ್ಟು, "ಬಾಟ್ಲಿ ತಿರುಗಿ ಬರಬೇಕು ಅನ್ನೋದ ಮರತೇನ್ರಿ ಅಕ್ಕಾರ," ಎಂದಳು.

ಅಷ್ಟೇ ಸಂಗತಿ. ಲಾರಿಗಳು ಇಳಕಲ್‌ನಿಂದ ಬರುವಾಗ ಖಾಲಿ, ಹೋಗುವಾಗ ಸಿಮೆಂಟ್ ಭರ್ತಿ. ತುಂಬಿದ ಬಾಟಲಿ ಪುಕ್ಕಟೆ ಬಂದುಬಿಟ್ಟಿತು. ಖಾಲಿ ಬಾಟಲಿಗೆ ವಾಪಸ್ ಹೋಗಲು ಜಾಗವಿಲ್ಲ. ಬಸ್ಸಿನ ಟಾಪಿನ ಮೇಲೆಲ್ಲ ಬೀಗರ ಟ್ರಂಕು, ಬಾಂಡೆ ಸಾಮಾನು, ಗಾದಿ ಸುರುಳಿ. ಬಾಡಿಗೆ ಗಾಡಿಗಳೆಲ್ಲ ದಿಬ್ಬಣಕ್ಕೆ ಹೋಗಿವೆ. ಹುಸೇನಸಾಬರು ಗೆಲ್ಲುವ ಹುಮ್ಮಸ್ಸಿನಲ್ಲಿ ಇದ್ದ ಬಾಟಲಿಯೆಲ್ಲ ತುಂಬಿ ತುಂಬಿ ಕಳಿಸಿದ್ದಾರೆ. ಈಗ ಅವರ ಬಾಟಲಿಗಳೆಲ್ಲ ಸಂತೆಯ ಚಕ್ಕಡಿ ಬರುವಷ್ಟು ದೂರ ಬಂದು ಗಂಗವ್ವನ ಹಿತ್ತಲಲ್ಲಿ, ಅವರ ಮಶೀನಿನಲ್ಲಿ ತುಂಬಲು ಏನೂ ಇಲ್ಲ.

ಇಷ್ಟು ವರ್ಷ ಸೋಡಾ ಮಾಡಿದವರು, ಸೋಡಾ ಮಾರಿದವರು, ಇಬ್ಬರಿಗೂ ಇದು ಹೊಳೆಯಲಿಲ್ಲವೆಂದರೆ ನೀವು ನಂಬಲಿಕ್ಕಿಲ್ಲ. ಅಗ್ಗದ ಗಾಡಿ ಸಿಕ್ಕರೆ ಯಾರಿಗಾದರೂ ಹೋಗುವ ದಾರಿ ಕಂಡಷ್ಟು ಬರುವ ದಾರಿ ಕಾಣುವುದಿಲ್ಲ. ನಮಗೇನು ಕಂಡಿತ್ತೇ?

ನಮ್ಮವರು ಮಾತ್ರ ಮೊಣಕಾಲು ಬಡಿದುಕೊಂಡು ನಕ್ಕರು. "ಹಂಗಾರ ಸಾಬರ ಆಟ ಮುಗೀತು."

"ಮುಗೀತ್ರಿ ಸಾವಕಾರ. ನಾಳೆ ಮಶೀನು ಮಾರತಾರ. ಜುಮ್ಮಾ ನಮಾಜ್ ಮುಗಸಿಕೊಂಡು ಗುಜರಿಯಾವಗ ಕೊಡತಾರ. ಮಾತು ಆಗೇತಿ."

ನಮ್ಮವರ ನಗು ಅರ್ಧಕ್ಕೆ ನಿಂತಿತು. "ಗುಜರಿಗೆ?"

"ಮತ್ತ ಇನ್ಯಾರು ತಗೋತಾರ್ರಿ ಅದನ್ನ? ನಾ ಬಂದಿದ್ದು ಸಾಬರ ಸಲುವಾಗಿ ಅಂತ ತಿಳೀಬ್ಯಾಡ್ರಿ, ನನ್ನ ಸಲುವಾಗಿ ಬಂದೇನಿ. ಅವರು ಮುಚ್ಚಿದರ ನಾಳಿಂದ ನಿಮ್ಮ ಗಾಡಿ ಸೀದಾ ಇಳಕಲ್‌ಗೆ ಓಡತೈತಿ, ನನ್ನ ಅಂಗಡಿಗೆ ನಿಲ್ಲಂಗಿಲ್ಲ. ನನ್ನ ಅಂಗಡಿ ಹೋತು. ಮತ್ತ ಇನ್ನೊಂದು ಹೇಳ್ಲೇನ್ರಿ? ಸಿಟ್ಟ ಆಗಬಾರದು."

"ಹೇಳವ್ವ."

"ಆ ಅಮಾವಾಸಿ ಶಾಸ್ತ್ರ ಬಿಟ್ಟಾಗಿಂದ ನಿಮ್ಮ ಸೋಡಾ ಸಪ್ಪಗ ಆಗೇತ್ರಿ. ನಿಮಗ ಯಾರೂ ಹೇಳಿಲ್ಲ. ಬ್ಯಾರೇದು ಸಿಗದಿದ್ದರ ಮಂದಿ ಹೇಳಿ ಏನ್ ಮಾಡತಾರ, ಸುಮ್ಮನ ಕುಡದು ಹೋಗತಾರ."

ಅವಳು ಹೋದ ಮೇಲೆ ನಮ್ಮವರು ಒಂದು ಸೋಡಾ ಒಡೆದು ಕುಡಿದರು. ಇನ್ನೊಂದು ಒಡೆದರು. ನನಗೂ ಕೊಟ್ಟು, "ಖರೆ ಹೇಳು," ಎಂದರು. "ಬೋತ್ ಆರ್ ಲವ್ಲಿ" ಎನ್ನುವ ಹಾಗಿರಲಿಲ್ಲ, ಇದ್ದದ್ದು ಒಂದೇ. "ಫ್ಲ್ಯಾಟ್ ಆಗೇತ್ರಿ," ಎಂದೆ. ಅವರು ಬಾಟಲಿ ಬೆಳಕಿಗೆ ಹಿಡಿದು ಗೋಲಿ ಅಲ್ಲಾಡಿಸಿ ನೋಡಿದರು.

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಹುನಗುಂದಕ್ಕೆಂದು ಟೆಂಪೊ ಭರ್ತಿ ಸೋಡಾ ಹೇರಿದರು. ನಾನು ಕರೆಯದೆಯೇ ಹತ್ತಿ ಕೂತೆ. ಅಮೀನಗಡದಲ್ಲಿ ಗಂಗವ್ವನ ಹಿತ್ತಲಿಗೆ ಹೋದರೆ, ಬೇಲಿಯಿಂದ ಬೇಲಿಯವರೆಗೆ ಹಸಿರು ಗಾಜು. ಬಿಸಿಲು ಬಿದ್ದು ಕಣ್ಣು ಬಿಡಲಾಗದ ಬೆಳಕು. ಅದರ ನಡುವೆ ಒಂದು ಪೆಟ್ಟಿಗೆಯನ್ನು ಬೋರಲು ಹಾಕಿಕೊಂಡು ಹುಸೇನಸಾಬರು ಕೂತಿದ್ದರು. ಕೊನೆಯದಾಗಿ ಒಂದು ಸಲ ಗಾಡಿ ಸಿಗುವುದೇನೋ ನೋಡಲು ಮುಂಜಾನೆಯ ಬಸ್ಸಿಗೆ ಬಂದಿದ್ದರಂತೆ. ನನ್ನನ್ನು ಕಂಡು ಎದ್ದು ನಿಂತರು.

"ಬರ್ರಿ ಅಕ್ಕಾರ. ನಮ್ಮೂರ ಕೆಂಪು ಕಲ್ಲು ಹಡಗ ಹತ್ತಿ ಸಮುದ್ರ ದಾಟತೈತಿ. ಎಷ್ಟು ವಜ್ಜಾ ಇದ್ದರ ಏನು, ಅದಕ್ಕ ತಿರುಗಿ ಬರೋ ಕೆಲಸ ಇಲ್ಲ. ನನ್ನ ಬಾಟ್ಲಿ ನೋಡ್ರಿ, ಹುನಗುಂದ ದಾಟಿ ಬಂದು ಪರದೇಶಿ ಆಗ್ಯಾವ."

ನಮ್ಮವರು ಹಿತ್ತಲನ್ನೊಮ್ಮೆ ನೋಡಿದರು, ಟೆಂಪೊವನ್ನೊಮ್ಮೆ ನೋಡಿದರು. ತೋಳು ಮಡಚಿ ಟೆಂಪೊದಿಂದ ನಮ್ಮ ಪೆಟ್ಟಿಗೆಗಳನ್ನು ಒಂದೊಂದಾಗಿ ಗಂಗವ್ವನ ಕಟ್ಟೆಗೆ ಇಳಿಸತೊಡಗಿದರು.

"ಇಷ್ಟ್ಯಾಕ್ರಿ ಸಾವಕಾರ? ನನಗ ಎರಡ ಪೆಟಿಗಿ ಸಾಕು," ಎಂದಳು ಗಂಗವ್ವ.

"ಜಾಗಾ ಬೇಕಲ್ಲವ್ವ."

"ಯಾತಕ್ಕ?"

"ಕಾಣವಲ್ದೇನು? ಇವನ್ನ ಇಳಕಲ್‌ಗೆ ಒಯ್ಯಬೇಕಂದರ ನಮ್ಮವು ಇಲ್ಲೇ ಇಳೀಬೇಕು."

ಹುಸೇನಸಾಬರು ಮುಂದೆ ಬಂದು ಅವರ ಕೈ ಹಿಡಿದರು. "ಸಾವಕಾರ, ಹುನಗುಂದ ಗಿರಾಕಿ ಹಾದಿ ಕಾಯತಿರತಾರ. ಲಗ್ನಸರಾಯಿ ಐತಿ. ಇವತ್ತ ಬಿಟ್ಟರ ಮತ್ತ ಸಿಗಂಗಿಲ್ಲ ನಿಮಗ."

"ಮೊದಲ ಬಾಟ್ಲಿ ಎತ್ತರಿ. ಜುಮ್ಮಾಕ್ಕ ಹೊತ್ತಾಗತೈತಿ."

ಆ ಮೇಲೆ ಯಾರೂ ನಿಂತು ನೋಡಲಿಲ್ಲ. ಚಹಾಕ್ಕೆ ಬಂದವರು, ಬಸ್ಸಿಗೆ ಕಾಯುವವರು ಎಲ್ಲ ಕೈಹಾಕಿದರು. ನಾನೂ ಸೆರಗು ಸಿಗಿಸಿಕೊಂಡು ಸಾಲಿನಲ್ಲಿ ನಿಂತೆ. ಸಿಸ್ಟರ್ ಬರ್ನಡೆಟ್ ನೋಡಿದ್ದರೆ ಪೋಸ್ಚರ್ ಸರಿಯಿಲ್ಲ ಎನ್ನುತ್ತಿದ್ದರು. ಗಂಗವ್ವ ನಮ್ಮ ಪೆಟ್ಟಿಗೆಗಳ ರಾಶಿಯ ಮುಂದೆ ಸೊಂಟಕ್ಕೆ ಕೈಯಿಟ್ಟು, "ಬಾಗಲಕೋಟಿ ಸೋಡಾ ಇವತ್ತ ಇಲ್ಲಿತನಾ ಅಷ್ಟ. ಮುಂದ ಹೋಗಂಗಿಲ್ಲ. ಬೇಕಾದವರು ಇಲ್ಲೇ ಕುಡೀರಿ," ಎಂದು ಸಾರುತ್ತಿದ್ದಳು. ಅವಳ ದನಿ ಬಸ್ ಸ್ಟ್ಯಾಂಡಿನ ಆಚೆ ತುದಿಗೆ ಕೇಳುತ್ತಿತ್ತು.

ಹುಸೇನಸಾಬರು ಮುಂದೆ ಕೂರಲು ಒಪ್ಪಲಿಲ್ಲ. ಹಿಂದೆ, ತಮ್ಮ ಬಾಟಲಿಗಳ ಮೇಲೆ, ಹಗ್ಗ ಹಿಡಿದು ಕೂತರು. ಟೆಂಪೊ ಹೊರಟಿತು. ತುಂಬಿದ ಬಾಟಲಿಯ ಗೋಲಿ ಗಪ್‌ಚುಪ್ ಕೂತಿರುತ್ತದೆ, ಖಾಲಿ ಬಾಟಲಿಯದ್ದು ಹಾಗಲ್ಲ. ಒಂದೊಂದು ತಗ್ಗಿಗೂ ಆ ಗೋಲಿಗಳೆಲ್ಲ ಒಟ್ಟಿಗೇ ಎದ್ದು ಗಿಲಗಿಲ ಎಂದು ಕೂಗಿದವು. ಎಮ್ಮೆಗಳು ದಾರಿ ಬಿಟ್ಟವು, ಸೈಕಲ್ಲಿನವರು ಇಳಿದು ನಿಂತರು. ನಾನು ಸುಮ್ಮಸುಮ್ಮನೆ ನಗುತ್ತಿದ್ದೆ, ನಮ್ಮವರೂ ನಗುತ್ತಿದ್ದರು. ಏನಾದರೂ ಹೇಳಿದರೂ ಒಬ್ಬರದ್ದು ಒಬ್ಬರಿಗೆ ಕೇಳುತ್ತಿರಲಿಲ್ಲ.

ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಅಂಗಡಿಯವರು ನಮ್ಮ ಟೆಂಪೊ ಕಂಡು ರಸ್ತೆಗೇ ಇಳಿದು ಅಡ್ಡಗಟ್ಟಿದರು. ಒಬ್ಬ ಕಿಟಕಿಗೆ ಬಂದು, "ಲಗೂ ಇಳಸ್ರಿ ಸಾವಕಾರ. ನಿನ್ನಿಯಿಂದ ಒಂದು ಸೋಡಾ ಇಲ್ಲ, ಲಗ್ನದ ಮಂದಿ ಬೈಯಾಕತ್ತಾರ," ಎಂದ.

ನಮ್ಮವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಇದು ನಮ್ಮ ಹದ್ದಲ್ಲಪಾ. ಹುನಗುಂದ ಹುಸೇನಸಾಬರದು. ನಾಳೆ ಅವರ ಸೋಡಾ ಬರತೈತಿ, ತಡಕೋ."

ಹಿಂದಿನಿಂದ, ಬಾಟಲಿಗಳ ಮೇಲಿನಿಂದ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಹುಸೇನಸಾಬರ ಧ್ವನಿ ಬಂತು.

"ನಾಳೆ ಯಾಕ? ಇವತ್ತ ಸಂಜೀಕ ಬರತಾವ. ಇಷ್ಟ ದಿನಾ ಆ ಬಾಗಲಕೋಟಿ ಸೋಡಾ ಕುಡದು ಬಾಯಿ ಕೆಟ್ಟಿರಬೇಕು ನಿಮಗ."